ಬಣ್ಣ ಹೊಡೆಯುವ ಮುಂಚೆ ಅಪ್ಪನ ಲಾರಿ ಜೊತೆ ಮೂರು ತಿಂಗಳು

ಅಪ್ಪ ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಹೋಗುತ್ತಿದ್ದ ಲಾರಿ ಟಾಟಾ 1210. ಮೂತಿ ಮುಂದಕ್ಕೆ ಚಾಚಿರುವ ಹಳೇ ಮಾದರಿ. 1954ರಿಂದ 1969ರವರೆಗೆ ಟಾಟಾದವರು ಬೆಂಜ್ ಕಂಪನಿ ಜೊತೆ ಸೇರಿ ಲಾರಿ ಮಾಡುತ್ತಿದ್ದರಲ್ಲ, ಆ ನೆನಪಿಗೆ ನಮ್ಮ ಕಡೆ ಹಿರಿಯರು ಇದನ್ನು ಈಗಲೂ ಬೆಂಜ್ ಲಾರಿ ಅಂತಲೇ ಕರೆಯುತ್ತಾರೆ. ಹನ್ನೊಂದು ವರ್ಷ ತೋಟದ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ ಕೆಲಸ ಮೆಕ್ಯಾನಿಕ್ ಮಾಡಿಕೊಟ್ಟರು. ಬಾಡಿಯನ್ನು ಪೇಂಟಿಗೆ ರೆಡಿ ಮಾಡುವ ಕೆಲಸ ನಾನೇ ಮಾಡಿದೆ.

ಆಗ ಕಂಪನಿಯಿಂದ ಬರುತ್ತಿದ್ದದ್ದು ಚಾಸಿ, ಎಂಜಿನ್, ಬಾನೆಟ್, ಮುಂದಿನ ಮಡ್‌ಗಾರ್ಡ್ ಇಷ್ಟೇ. ಕ್ಯಾಬಿನ್ನು, ಬಾಗಿಲು, ಹಿಂದಿನ ಬಾಡಿ ಎಲ್ಲ ಬಾಡಿ ಕಟ್ಟುವವರ ಕೈಕೆಲಸ. ಮರದ ಚೌಕಟ್ಟು, ಅದರ ಮೇಲೆ ತೆಳು ತಗಡು. ಹಾಗಾಗಿ ಒಂದೇ ಗಾಡಿಯಲ್ಲಿ ಎರಡು ಥರದ ಕೆಲಸ. ಬಾನೆಟ್ ತಗಡು ದಪ್ಪ, ಎಷ್ಟು ಉಜ್ಜಿದರೂ ತಡೆದುಕೊಳ್ಳುತ್ತದೆ. ಬಾಗಿಲಿನ ತಗಡಿನ ಮೇಲೆ ಗ್ರೈಂಡರನ್ನು ಒಂದೇ ಕಡೆ ಒತ್ತಿ ಹಿಡಿದರೆ ಬಿಸಿಗೆ ಉಬ್ಬಿಬಿಡುತ್ತದೆ, ಆಮೇಲೆ ಅದನ್ನು ಕೂರಿಸುವುದು ಬಹಳ ಕಷ್ಟ.

ಬಾಗಿಲ ಮೇಲಿನ ಹಸಿರು ಬಣ್ಣ ಸ್ವಲ್ಪ ಕೆರೆದಾಗ ಒಳಗಿಂದ ಹಳದಿ ಅಕ್ಷರ ಕಾಣಿಸಿತು. ಅಜ್ಜಿಯ ಹೆಸರು. ಅಪ್ಪ ಲಾರಿ ತಂದಾಗ ಬರೆಸಿದ್ದು, ಮೇಲೆ ಎರಡು ಸಲ ಬಣ್ಣ ಬಿದ್ದಿತ್ತು. ಅಲ್ಲಿಗೆ ಕೆಲಸ ನಿಲ್ಲಿಸಿದೆ. ನೀರಲ್ಲಿ ನೆನೆಸಿ ಉಜ್ಜುವ ವಾಟರ್ ಪೇಪರ್ (ಉಪ್ಪುಕಾಗದ) ಒದ್ದೆ ಮಾಡಿಕೊಂಡು ನಾಲ್ಕು ದಿನ ಮೆಲ್ಲಗೆ ತಿಕ್ಕಿ ಪೂರ್ತಿ ಅಕ್ಷರ ಬಿಡಿಸಿದೆ. ಬಟರ್ ಪೇಪರ್ ಇಟ್ಟು ಪೆನ್ಸಿಲ್‌ನಲ್ಲಿ ಪ್ರತಿ ಗೆರೆ ತೆಗೆದುಕೊಂಡೆ, ಅಳತೆ ಬರೆದುಕೊಂಡೆ, ಫೋಟೋ ಹಿಡಿದೆ. ಹಳೇ ಲಾರಿ ಕೆರೆಯುವವರು ಇದನ್ನು ದಯವಿಟ್ಟು ಮಾಡಿ. ಕೆರೆದ ಮೇಲೆ ಅದು ಎಲ್ಲೂ ಸಿಗುವುದಿಲ್ಲ.

ಒದ್ದೆ ಮಾಡಿ ಉಜ್ಜಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಳೇ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವುದು ಸಾಮಾನ್ಯ. ಒಣ ಉಜ್ಜಿದರೆ ಆ ಧೂಳು ನೇರ ಎದೆಗೆ. ಮಾಸ್ಕ್ ಹಾಕಿಕೊಂಡೆ, ಮಕ್ಕಳನ್ನು ಶೆಡ್ಡಿನ ಹತ್ತಿರ ಬಿಡಲಿಲ್ಲ. ಬಾನೆಟ್ಟಿಗೆ ಪೇಂಟ್ ರಿಮೂವರ್ ಹಚ್ಚಿ ಕೆರೆದೆ. ಬಾಗಿಲಿಗೆ ಹಚ್ಚಲಿಲ್ಲ. ಅದು ತಗಡು, ಮರ ಸೇರುವ ಸಂದಿಗೆ ಇಳಿದರೆ ಮುಂದೊಂದು ದಿನ ಹೊಸ ಬಣ್ಣವನ್ನೇ ಎಬ್ಬಿಸುತ್ತದೆ.

ತುಕ್ಕು ಜಾಸ್ತಿ ಇದ್ದದ್ದು ಬಾಗಿಲ ತಳದಲ್ಲಿ, ಮರ ನೀರು ಹಿಡಿದುಕೊಂಡಿದ್ದ ಕಡೆ. ಹೊರಗೆ ಕಡಲೆಯಷ್ಟು ಗುಳ್ಳೆ, ಒಳಗೆ ಅಂಗೈ ಅಗಲ ಜರಡಿ. ಅಲ್ಲಿ ಪುಟ್ಟಿ (ತಗ್ಗು ತುಂಬುವ ಮೆತ್ತು) ತುಂಬಿ ಮುಚ್ಚಬಾರದು. ಟಿಂಕರಿಂಗ್, ಅಂದರೆ ಗಾಡಿಯ ತಗಡಿನ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆಸಿ, ಆ ತಗಡು ಕತ್ತರಿಸಿ ಹೊಸದು ಕೂರಿಸಿದೆವು.

ಮೊದಲ ಬಾಗಿಲಿನಲ್ಲಿ ನಾನು ತಪ್ಪು ಮಾಡಿದೆ. ತಗಡಿಗೆ ನೇರ ಪುಟ್ಟಿ ಹಚ್ಚಿ, ನೀರು ಹಾಕಿ ಉಜ್ಜಿ, ಮಾರನೇ ದಿನವೇ ಪ್ರೈಮರ್ (ಬಣ್ಣದ ಕೆಳಗಿನ ಪದರ) ಹೊಡೆದೆ. ಇಪ್ಪತ್ತು ದಿನದಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಕಾರಣ ಸರಳ. ಪುಟ್ಟಿಯಲ್ಲಿ ಟಾಲ್ಕ್ ಪುಡಿ ತುಂಬಾ ಇರುತ್ತದೆ, ಅದು ನೀರು ಕುಡಿಯುತ್ತದೆ. ಪ್ರೈಮರ್ ಬಿದ್ದ ಮೇಲೆ ಆ ನೀರಿಗೆ ಹೊರಗೆ ಬರಲು ದಾರಿ ಇಲ್ಲ, ತಗಡಿಗೆ ತುಕ್ಕು ಹಿಡಿಸುತ್ತದೆ. ಎಲ್ಲ ಕಿತ್ತು ಮತ್ತೆ ಶುರು ಮಾಡಿದೆ. ಈ ಸಲ ಬರಿ ತಗಡನ್ನು 80 ನಂಬರ್ ಉಪ್ಪುಕಾಗದದಲ್ಲಿ (ನಂಬರ್ ಹೆಚ್ಚಾದಷ್ಟೂ ಕಾಗದ ನಯ) ಒರಟು ಮಾಡಿ, ಜಿಡ್ಡು ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆದೆ. ಅದು ಒಣಗಿದ ಮೇಲೆ ಪುಟ್ಟಿ. ಪುಟ್ಟಿ ಉಜ್ಜಿದ್ದೆಲ್ಲ ನೀರು ಹಾಕದೆ, ಒಣದಾಗಿಯೇ.

ಪುಟ್ಟಿ 100 ಗ್ರಾಂಗೆ ಹಾರ್ಡ್‌ನರ್ (ಗಟ್ಟಿಯಾಗಿಸಲು ಬೆರೆಸುವುದು) 2 ಗ್ರಾಂ ಸಾಕು. ಏಪ್ರಿಲ್ ಬಿಸಿಲಲ್ಲಿ ಕಲಸಿ ಹಚ್ಚುವಷ್ಟರಲ್ಲೇ ಗಟ್ಟಿಯಾಗುತ್ತದೆ. ಅದಕ್ಕೇ ಪುಟ್ಟಿ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಸುತ್ತಿದ್ದೆ. ಬೆರಳಲ್ಲಿ ಪೇಪರ್ ಹಿಡಿದು ಉಜ್ಜಿದರೆ ಬೆರಳಿನ ಗುಂಡಿಯೇ ಬೀಳುತ್ತದೆ. ಒಂದೂವರೆ ಅಡಿಯ ನೇರ ಮರದ ಪಟ್ಟಿಗೆ ಪೇಪರ್ ಸುತ್ತಿ, ಓರೆಯಾಗಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಎಳೆದೆ. 80 ಆದಮೇಲೆ 180, ಆಮೇಲೆ 320.

ಆ ಟಿಂಕರಿಂಗ್ ಹಿರಿಯರು ಒಂದು ಸಂಜೆ ಬಂದು ನೋಡಿ, "ಕಣ್ಣಲ್ಲಿ ನೋಡಬೇಡ ಮಗ, ಕೈಯಲ್ಲಿ ನೋಡು" ಅಂದರು. ತೆಳು ಹತ್ತಿ ಬಟ್ಟೆ ತಗಡಿನ ಮೇಲಿಟ್ಟು, ಅದರ ಮೇಲೆ ಅಂಗೈ ಸರಿಸಿ ತೋರಿಸಿದರು. ಕಣ್ಣಿಗೆ ಸಪಾಟಾಗಿ ಕಂಡ ಜಾಗದಲ್ಲಿ ಮೂರು ತಗ್ಗು ಸಿಕ್ಕವು. ಪುಟ್ಟಿಯ ಮೇಲೆ ಬೀಳುವ ಪದರ, ಪ್ರೈಮರ್ ಸರ್ಫೇಸರ್ ಹೊಡೆದ ಮೇಲೆ ಕಪ್ಪು ಸ್ಪ್ರೇ ತೆಳುವಾಗಿ ಉದುರಿಸಿ ಉಜ್ಜಿದೆ. ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗು. ಕೊನೆಯ ಸುತ್ತು ಮಾತ್ರ 600 ವಾಟರ್ ಪೇಪರ್, ನೀರು ಹಾಕಿ. ಅಷ್ಟು ಹೊತ್ತಿಗೆ ಪುಟ್ಟಿ ಎಲ್ಲೂ ತೆರೆದಿರಲಿಲ್ಲ.

ಕೊನೆಯ ಬಣ್ಣ ನಾನು ಹೊಡೆಯುವುದಿಲ್ಲ. ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟಿನ ಹಾರ್ಡ್‌ನರ್‌ನಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೋಸಯನೇಟ್ ಇರುತ್ತದೆ. ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನ ಗಾಳಿ ಕೊಡುವ ಮಾಸ್ಕೇ ಬೇಕು. ಅದು ಇರುವ ಪೇಂಟರ್ ಹತ್ತಿರ ಮಾತಾಡಿದ್ದೇನೆ, ಮುಂಗಾರು ಹಿಡಿಯುವ ಮುಂಚೆ ಗಾಡಿ ಒಯ್ಯಬೇಕು. ಬಟರ್ ಪೇಪರನ್ನು ಪಿವಿಸಿ ಪೈಪಿನೊಳಗೆ ಸುತ್ತಿಟ್ಟಿದ್ದೇನೆ. ಅಕ್ಷರ ಬರೆಯುವವರು ಮೊನ್ನೆ ಅದನ್ನು ಬಿಡಿಸಿ ನೋಡಿ, ಇದೇ ಹಳದಿಯಲ್ಲಿ ಬರೀಲಾ ಅಂತ ಕೇಳಿದರು. ಅಪ್ಪ ಹೌದು ಅಂದರು.