ಸರ್ಪಸುತ್ತಿನ ಗುಳ್ಳೆ ಒಣಗಿದ ಮೇಲೂ ಉಳಿಯುವ ನರನೋವನ್ನು ನಿಭಾಯಿಸುವ ಬಗೆ

ಸರ್ಪಸುತ್ತಿನ ಗುಳ್ಳೆಗಳು ಒಣಗಿ, ಹಕ್ಕಳೆ ಉದುರಿ, ಚರ್ಮ ಹೆಚ್ಚುಕಡಿಮೆ ಮೊದಲಿನಂತಾದ ಮೇಲೂ ಅದೇ ಜಾಗದಲ್ಲಿ ಉರಿ ಮತ್ತು ಚಳುಕು ಉಳಿದುಕೊಂಡರೆ, ಅದನ್ನು ಚರ್ಮದ ತೊಂದರೆಯೆಂದು ಭಾವಿಸಿ ಮುಲಾಮು ಬದಲಿಸುತ್ತ ಕೂರಬಾರದು. ಹಿಂದೆಂದೋ ಬಂದುಹೋದ ಚಿಕನ್‌ಪಾಕ್ಸ್‌ನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾದಾಗಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಒಂದು ನರದ ಗುಂಟ ಹೊರಬರುತ್ತದೆ. ಬರುವ ದಾರಿಯಲ್ಲಿ ಆ ನರವನ್ನೇ ಘಾಸಿಗೊಳಿಸುತ್ತದೆ. ನೋವು ಹುಟ್ಟುವುದು ಘಾಸಿಗೊಂಡ ಈ ನರದಲ್ಲಿ. ಗುಳ್ಳೆ ಎದ್ದು 3 ತಿಂಗಳು ಕಳೆದರೂ ನೋವು ಹೋಗದಿದ್ದರೆ ವೈದ್ಯಶಾಸ್ತ್ರ ಅದನ್ನು ಬೇರೆಯೇ ಕಾಯಿಲೆಯೆಂದು ಗುರುತಿಸುತ್ತದೆ. ಹಾಗೆಂದು ಚಿಕಿತ್ಸೆಗಾಗಿ ಅಷ್ಟು ಕಾಲ ಕಾಯಬೇಕಿಲ್ಲ.

ವೈದ್ಯರಲ್ಲಿಗೆ ಹೋಗುವ ಮುನ್ನ ನೋವಿನ ಸ್ವರೂಪವನ್ನು ನೀವೇ ಗಮನಿಸಿ ಬರೆದಿಟ್ಟುಕೊಳ್ಳಿ. ಸದಾ ಇರುವ ಉರಿಯೋ, ಆಗಾಗ ಕರೆಂಟು ಹೊಡೆದಂತೆ ಬಂದುಹೋಗುವ ಚಳುಕೋ, ಮುಟ್ಟಿದರೆ ಮಾತ್ರ ಏಳುವ ನೋವೋ ಎಂಬುದನ್ನು ಬಿಡಿಸಿ ಹೇಳಿದರೆ ಔಷಧಿಯ ಆಯ್ಕೆ ಸುಲಭವಾಗುತ್ತದೆ. ಹತ್ತಿಯ ಎಳೆಯೊಂದನ್ನು ಆ ಜಾಗದ ಮೇಲೆ ಮೆಲ್ಲನೆ ಸವರಿ ನೋಡಿ: ಗಟ್ಟಿಯಾಗಿ ಅಂಗೈ ಒತ್ತಿದರೆ ಸಹಿಸಬಲ್ಲವರು ಕೂಡ ಎಳೆ ತಾಗಿದೊಡನೆ ಬೆಚ್ಚಿಬೀಳುವುದುಂಟು, ಅದರ ಪಕ್ಕದಲ್ಲೇ ಅಂಗೈಯಗಲದ ಜೋಮು ಹಿಡಿದ ಭಾಗವೂ ಇರುವುದುಂಟು. ರಾತ್ರಿ ನಿದ್ದೆ ಕೆಡುತ್ತಿದೆಯೇ ಎಂಬುದನ್ನು ಮರೆಯದೆ ತಿಳಿಸಿ.

ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ನೋವಿನ ಮಾತ್ರೆಗಳಿಗೆ ಈ ನೋವು ಅಷ್ಟಾಗಿ ಬಗ್ಗುವುದಿಲ್ಲ. ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಅಥವಾ ಅಮಿಟ್ರಿಪ್ಟಿಲಿನ್. ಮೊದಲೆರಡು ಮೂರ್ಛೆರೋಗಕ್ಕೂ ಕೊನೆಯದು ಖಿನ್ನತೆಗೂ ಬಳಕೆಯಾಗುವ ಔಷಧಿಗಳಾದ್ದರಿಂದ, ಪೊಟ್ಟಣದೊಳಗಿನ ಚೀಟಿ ಓದಿದವರು ತಮಗೆ ತಪ್ಪು ಮಾತ್ರೆ ಕೊಟ್ಟಿದ್ದಾರೆಂದು ಗಾಬರಿಯಾಗುತ್ತಾರೆ. ಕೆರಳಿದ ನರದ ಸಂಕೇತಗಳನ್ನು ತಗ್ಗಿಸುವ ಗುಣಕ್ಕಾಗಿಯೇ ಅವನ್ನು ಇಲ್ಲಿ ಕೊಡುವುದು. ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸುವುದರಿಂದ ಪೂರ್ಣ ಪರಿಣಾಮ ಕಾಣಲು ಹಲವು ವಾರಗಳು ಬೇಕು. ನಾಲ್ಕು ದಿನ ನುಂಗಿ, ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವುದೇ ಈ ಚಿಕಿತ್ಸೆ ವಿಫಲವಾಗಲು ದೊಡ್ಡ ಕಾರಣವೆಂದು ನನಗನ್ನಿಸುತ್ತದೆ. ಮಂಪರು, ತಲೆಸುತ್ತು ಮೊದಮೊದಲು ಸಾಮಾನ್ಯ. ವಯಸ್ಸಾದವರು ರಾತ್ರಿ ಎದ್ದಾಗ ಬೀಳದಂತೆ ಎಚ್ಚರ ವಹಿಸಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೆರಡರ ಪ್ರಮಾಣ ತಗ್ಗಿಸಬೇಕಾಗುತ್ತದೆ. ಗ್ಲಾಕೋಮಾ, ಹೃದಯದ ಬಡಿತದ ಏರುಪೇರು, ಮೂತ್ರ ಕಟ್ಟುವ ತೊಂದರೆ ಇರುವವರಿಗೆ ಅಮಿಟ್ರಿಪ್ಟಿಲಿನ್ ಹೊಂದದಿರಬಹುದಾದ್ದರಿಂದ, ಇವನ್ನೆಲ್ಲ ಮುಂಚಿತವಾಗಿಯೇ ಹೇಳಿಬಿಡಿ.

ನೋವು ಸಣ್ಣ ಜಾಗಕ್ಕೆ ಸೀಮಿತವಾಗಿದ್ದರೆ, ಚರ್ಮವನ್ನು ಮರಗಟ್ಟಿಸುವ 5% ಲಿಡೊಕೇಯ್ನ್ ಪಟ್ಟಿಯ ಬಗ್ಗೆ ವಿಚಾರಿಸಿ. ಗಾಯವಿಲ್ಲದ ಚರ್ಮಕ್ಕೆ ಮಾತ್ರ ಅದನ್ನು ಅಂಟಿಸಬೇಕು. ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಇಟ್ಟು ಉಳಿದ 12 ಗಂಟೆ ತೆಗೆದಿಡುತ್ತಾರೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮೂ ಉಂಟು. ಹಚ್ಚಿದ ಮೊದಲ ದಿನಗಳಲ್ಲಿ ಅದು ಉರಿಯನ್ನು ಹೆಚ್ಚಿಸುತ್ತದೆ, ಹಚ್ಚಿದ ಕೈಯನ್ನು ತೊಳೆಯದೆ ಕಣ್ಣು ಮುಟ್ಟಿದರೆ ಪಜೀತಿಯೇ ಸರಿ.

ಬಟ್ಟೆ ತಾಗಿದರೆ ನೋಯುವವರು ಸಡಿಲ ಬಟ್ಟೆ ತೊಡುವುದು ಸಹಜ. ಆದರೆ ಸಡಿಲ ಬಟ್ಟೆ ನಡೆದಾಗಲೆಲ್ಲ ಚರ್ಮವನ್ನು ಸವರುತ್ತಲೇ ಇರುವುದರಿಂದ, ಮೈಗಂಟಿ ಕೂರುವ ನಯವಾದ ಹತ್ತಿಯ ಒಳಉಡುಪೇ ಕೆಲವರಿಗೆ ಹೆಚ್ಚು ಹಿತವೆನಿಸುತ್ತದೆ. ಎರಡನ್ನೂ ತೊಟ್ಟು ನೋಡಿ ನಿರ್ಧರಿಸಿ. ತಣ್ಣೀರಿನ ಬಟ್ಟೆ ಇಡಬಹುದು, ಮಂಜುಗಡ್ಡೆಯನ್ನು ನೇರವಾಗಿ ಇಡಬಾರದು. ಜೋಮು ಹಿಡಿದ ಭಾಗದಲ್ಲಿ ಸುಟ್ಟರೂ ತಿಳಿಯುವುದಿಲ್ಲವಾದ್ದರಿಂದ ಬಿಸಿನೀರಿನ ಶಾಖ ಬೇಡ.

ಹಣೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದಿದ್ದವರಿಗೆ ಕಣ್ಣು ಕೆಂಪಾಗಿ ದೃಷ್ಟಿ ಮಂಜಾದರೆ, ಅಥವಾ ಯಾರಿಗೇ ಆಗಲಿ ಕೈಕಾಲಿನ ಬಲ ಕುಂದಿದರೆ, ಮುಖ ಸೊಟ್ಟಗಾದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಬಹುಪಾಲು ಜನರಲ್ಲಿ ನೋವು ತಿಂಗಳುಗಳು ಕಳೆದಂತೆ ಇಳಿಮುಖವಾಗುತ್ತದೆ. ಸಾಕಷ್ಟು ಕಾಲ ನೆಮ್ಮದಿಯಾಗಿದ್ದರೆ ಔಷಧಿ ನಿಲ್ಲಿಸುವ ಮಾತನ್ನು ನೀವೇ ಎತ್ತಬಹುದು. ಆದರೆ ಈ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ನಿದ್ರಾಹೀನತೆ, ತಳಮಳ, ಬೆವರು ಕಾಣಿಸಿಕೊಳ್ಳಬಹುದಾದ್ದರಿಂದ, ಏರಿಸಿದಂತೆಯೇ ಹಂತಹಂತವಾಗಿ ಇಳಿಸುವ ಕ್ರಮವನ್ನು ವೈದ್ಯರಿಂದ ಬರೆಸಿಕೊಳ್ಳಿ. ಇಳಿಸುವಾಗ ನೋವು ಮರುಕಳಿಸಿದರೆ ಹಿಂದಿನ ಪ್ರಮಾಣಕ್ಕೆ ಮರಳಬೇಕೇ ಎಂದು ಅವರನ್ನೇ ಕೇಳಿ.