ಘಟ್ಟ ಹತ್ತಲು ದೊಡ್ಡ ಎಂಜಿನ್ ಬೇಡ, ಎರಡನೇ ಗೇರ್ ಸಾಕು

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಸಣ್ಣ ಕಾರು ಏದುಸಿರು ಬಿಟ್ಟರೆ, ತಿರುವಿನ ಮಧ್ಯೆ ಅಲ್ಲ, ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿ, ಮೀಟರಿನ ಮುಳ್ಳನ್ನು 3000–3500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹಿಡಿದಿಡಿ. 85–90 ಪಿಎಸ್‌ನ (ಅಶ್ವಶಕ್ತಿಯ ಅಳತೆ) 1.2 ಲೀಟರ್ ಪೆಟ್ರೋಲ್ ಎಂಜಿನ್ 1500ರಲ್ಲಿ ಕೊಡುವುದು ಸುಮಾರು 20 ಪಿಎಸ್ ಮಾತ್ರ. 3500ರಲ್ಲಿ ಅದೇ ಎಂಜಿನ್ 50 ದಾಟುತ್ತದೆ. ಸದ್ದು ಜೋರಾಯಿತೆಂದು ಹೆದರಬೇಡಿ; ಮೂರನೇ ಗೇರಿನಲ್ಲಿ ಗಡಗಡ ನಡುಗಿಸುತ್ತ ಎಳೆಯುವುದೇ ಎಂಜಿನ್ನಿಗೆ ಕೆಟ್ಟದ್ದು. ಕಡಿದಾದ ಕಡೆ ಎರಡು ನಿಮಿಷ ಎಸಿ ಆರಿಸಿ. ಎಎಂಟಿ (ತಾನೇ ಬದಲಾಗುವ ಗೇರ್) ಇದ್ದರೆ ಮ್ಯಾನುವಲ್ ಮೋಡ್‌ಗೆ ಹಾಕಿ. ಸಿಎನ್‌ಜಿಯಲ್ಲಿ ಶಕ್ತಿ ಶೇ 10ಕ್ಕಿಂತ ಹೆಚ್ಚೇ ಕಡಿಮೆ, ಘಟ್ಟದ ಬುಡದಲ್ಲೇ ಪೆಟ್ರೋಲಿಗೆ ಬದಲಿಸಿ. ಆರ್‌ಪಿಎಂ ಏರಿಯೂ ವೇಗ ಏರದಿದ್ದರೆ ಈ ಉಪಾಯ ನಡೆಯದು: ಕ್ಲಚ್ ಪ್ಲೇಟ್ ಸವೆದಿದೆ. 1 ಲೀಟರ್ ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಇದ್ದರೂ ಅಷ್ಟೆ; ಕಡಿದಾದ ತಿರುವಿಗೆ ಮೊದಲನೇ ಗೇರೇ ಬೇಕು, ಲಾರಿ ಹಿಂದಿಕ್ಕುವ ಆಸೆ ಬಿಡಿ. ವಾರಕ್ಕೆ ಮೂರು ಸಲ ಹಾಗೆ ಹೊರೆ ಹೊತ್ತು ಹತ್ತುವವರು ಟರ್ಬೊಗೆ (ಗಾಳಿಯನ್ನು ಒತ್ತಿ ತುಂಬಿ ಹೆಚ್ಚು ಎಳೆಯುವ ಎಂಜಿನ್) ದುಡ್ಡು ಹಾಕಲಿ. ಉಳಿದವರಿಗೆ ಸಣ್ಣ ಎಂಜಿನ್ನೇ ಸಾಕು: ಕಾರವಾರ–ಕುಮಟಾ ಹೆದ್ದಾರಿಯ ಸಪಾಟಿನಲ್ಲಿ 80ರ ವೇಗಕ್ಕೆ 20 ಪಿಎಸ್ ಕೂಡ ಬೇಕಾಗುವುದಿಲ್ಲ.