ಉದ್ದದ ಲೇಓವರನ್ನು ಬೇಕೆಂದೇ ಆರಿಸುವ ಲೆಕ್ಕ

"ದೋಹಾದಲ್ಲಿ ಹದಿಮೂರು ಗಂಟೆ ಬಿದ್ದಿರೋದಾ ಮಾರಾಯ್ರೇ, ತಲೆ ಸರಿ ಉಂಟಾ?" ಎಂದು ನಕ್ಕ ಡೊಂಬಿವ್ಲಿಯ ಮಂದಿಯೇ ಈಗ ಟಿಕೆಟ್ ತೆಗೆಯುವ ಮುಂಚೆ ನನಗೆ ಫೋನ್ ಮಾಡುತ್ತಾರೆ. ಲೇಓವರ್ ಅಂದರೆ ನಡುವಿನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕಾಯುವ ಹೊತ್ತು. ಮುಂಬಯಿಯಿಂದ ಯುರೋಪಿಗೆ ಎರಡು ಗಂಟೆಯ ಕನೆಕ್ಷನ್ನಿಗಿಂತ ರಾತ್ರಿಯಿಡೀ ಕಾಯುವ ಕನೆಕ್ಷನ್ ತಲೆಗೆ ಹತ್ತು-ಹದಿನೈದು ಸಾವಿರ ಅಗ್ಗವಾಗುವುದುಂಟು. ನಾಲ್ಕು ಜನರ ಸಂಸಾರಕ್ಕೆ ಅದು ಸಣ್ಣ ದುಡ್ಡಲ್ಲ. ಆ ದರ ಯಾವಾಗ ಹುಡುಕಿದರೆ ಸಿಗುತ್ತದೆ ಎನ್ನುವುದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಕಾಯುವ ಹೊತ್ತು 24 ಗಂಟೆ ದಾಟಬಾರದು. ದಾಟಿದರೆ ಅದು ಸ್ಟಾಪ್‌ಓವರ್ ಆಗಿ ದರದ ಲೆಕ್ಕವೇ ಬೇರೆಯಾಗುತ್ತದೆ.

ಜನ ಕೈ ಸುಟ್ಟುಕೊಳ್ಳುವುದು ಎರಡು ಪಿಎನ್‌ಆರ್‌ನಲ್ಲಿ, ಅಂದರೆ ಎರಡು ವಿಮಾನಕ್ಕೆ ಬೇರೆ ಬೇರೆ ಬುಕಿಂಗ್ ಮಾಡಿದಾಗ. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿ ಕೇಳುವುದಿಲ್ಲ, ನೋ-ಶೋ (ಪ್ರಯಾಣಿಕ ಬರಲಿಲ್ಲ) ಎಂದು ಬರೆದು ಕೈ ತೊಳೆದುಕೊಳ್ಳುತ್ತದೆ. ಬ್ಯಾಗ್ ಎತ್ತಿ ಮತ್ತೆ ಚೆಕ್-ಇನ್ ಮಾಡಲು ಇಮಿಗ್ರೇಶನ್ ದಾಟಬೇಕು, ಆ ದೇಶಕ್ಕೆ ಹೊಕ್ಕಲು ಬೇಕಾದ ಕಾಗದ ಇಲ್ಲದವರನ್ನು ಮುಂಬಯಿಯ ಕೌಂಟರಿನಲ್ಲೇ ತಡೆಯುತ್ತಾರೆ. ಐದಾರು ಸಾವಿರ ಉಳಿಸಲು ಹೋಗಿ ಅರ್ಧ ಲಕ್ಷದ ಹೊಸ ಟಿಕೆಟ್ ಕೊಳ್ಳುವುದು ಹೀಗೆ.

ಒಂದೇ ಪಿಎನ್‌ಆರ್ ಇದ್ದರೂ ಮುಂಬಯಿ ವಿಮಾನ ನಿಲ್ದಾಣದ ಟಿ2ರಲ್ಲಿ (ಎರಡನೇ ಟರ್ಮಿನಲ್) ಎರಡೂ ಬೋರ್ಡಿಂಗ್ ಪಾಸ್ ಕೈಗೆ ಬರುವವರೆಗೆ ಕೌಂಟರ್ ಬಿಡಬೇಡಿ. ಬ್ಯಾಗಿನ ಟ್ಯಾಗನ್ನು ನೀವೇ ಓದಿ. ಫ್ರಾಂಕ್‌ಫರ್ಟಿಗೆ ಹೋಗುವ ಬ್ಯಾಗಿನ ಮೇಲೆ ಆ ನಿಲ್ದಾಣದ ಕೋಡ್ ಎಫ್‌ಆರ್‌ಎ ಇರಲೇಬೇಕು. ಬರೀ ದೋಹಾದ ಕೋಡ್ ಡಿಒಎಚ್ ಇದ್ದರೆ ಅದು ದೋಹಾದ ಬೆಲ್ಟಿನ ಮೇಲೆ ಸುತ್ತು ಹಾಕುತ್ತಿರುತ್ತದೆ, ನೀವು ಒಳಗೆ ಟ್ರಾನ್ಸಿಟ್‌ನಲ್ಲಿರುತ್ತೀರಿ. ಟ್ಯಾಗಿನ ಹತ್ತಂಕಿಯ ನಂಬರಿನ ಫೋಟೋ ತೆಗೆದಿಡಿ. ಬ್ಯಾಗ್ ಬಾರದಿದ್ದರೆ ಬ್ಯಾಗೇಜ್ ಹಾಲ್‌ನಿಂದ ಹೊರಬೀಳುವ ಮುಂಚೆಯೇ ಪಿಐಆರ್ (ಬ್ಯಾಗ್ ಸಿಗದ ಬಗ್ಗೆ ವಿಮಾನ ಕಂಪನಿಗೆ ಕೊಡುವ ವರದಿ) ಬರೆಸಬೇಕು. ತಡವಾಗಿ ಕೈಸೇರಿದ ಬ್ಯಾಗಿಗೆ 21 ದಿನ, ಒಡೆದುಹೋದದ್ದಕ್ಕೆ 7 ದಿನದೊಳಗೆ ಲಿಖಿತ ದೂರು. ಆಮೇಲೆ ಕೊಟ್ಟರೆ ಕೇಸು ಬಿದ್ದುಹೋಗುತ್ತದೆ.

ಕಾರ್ಡ್ ಉಜ್ಜುವಾಗ ಮಶಿನ್ "ರೂಪಾಯಿಯಲ್ಲಿ ಕೊಡ್ತೀರಾ?" ಎಂದು ಕೇಳುತ್ತದೆ. ಬೇಡ ಅನ್ನಿ, ಅಲ್ಲಿನ ರಿಯಾಲ್‌ನಲ್ಲೇ ಕೊಡಿ. ರೂಪಾಯಿ ಒತ್ತಿದರೆ ಅಂಗಡಿಯವನ ಮಶಿನ್ ಹಾಕುವ ದರವೇ ಗಟ್ಟಿ. ರಿಯಾಲ್‌ನಲ್ಲಿ ಕೊಟ್ಟಾಗ ಬ್ಯಾಂಕು ವಿದೇಶಿ ಹಣಕ್ಕೆ ಹಾಕುವ ಮಾರ್ಕಪ್ ಶುಲ್ಕ 3.5 ಶೇಕಡಾ ಇದ್ದರೆ ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿ 4.13 ಶೇಕಡಾ. ಅಂತರರಾಷ್ಟ್ರೀಯ ಬಳಕೆಯ ಸ್ವಿಚ್ಚನ್ನು ಆ್ಯಪಿನಲ್ಲಿ ಮನೆಯಲ್ಲೇ ಆನ್ ಮಾಡಿ. ರೋಮಿಂಗ್ ಇಲ್ಲದಿದ್ದರೆ ಎಸ್‌ಎಂಎಸ್ ಒಟಿಪಿ ಬಾರದೆ ಅಲ್ಲಿ ಪೇಚಾಟವಾದೀತು.

ಪವರ್‌ಬ್ಯಾಂಕ್ ಕೈಚೀಲದಲ್ಲೇ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಮಿತಿ 100. ಆದರೆ ಅಂಕಿ ಅಳಿಸಿಹೋದ ಹಳೆಯದನ್ನು ಕಿತ್ತಿಡುತ್ತಾರೆ. ಟ್ರಾನ್ಸಿಟ್‌ನಲ್ಲೂ ಸೆಕ್ಯುರಿಟಿ ಇದೆ, 100 ಎಂಎಲ್ ದಾಟಿದ ಉಪ್ಪಿನಕಾಯಿ ಡಬ್ಬಿ ಅಲ್ಲಿ ತೊಟ್ಟಿಗೆ ಬೀಳುತ್ತದೆ.

ದೋಹಾದಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕ್ವೈಟ್ ರೂಮ್ ಇವೆ, ದುಡ್ಡಿಲ್ಲ. ಇಳಿದ ಕೂಡಲೇ ಜಾಗ ಹಿಡಿಯಿರಿ, ಊಟ ಆಮೇಲೆ. ಎಸಿಗೆ ಶಾಲು, ಕಾಲುಚೀಲ ಸಾಲದು, ಮಂಕಿಕ್ಯಾಪೂ ಬೇಕು.

ಊಟದ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಹುರಿದ ದಪ್ಪರವೆಯ ಉಪ್ಪಿಟ್ಟು ಮಿಕ್ಸ್ ದಂಡ: ಕಾಫಿ ಕೌಂಟರಿನವರು ಕೊಡುವ ನೀರು ಕುದಿಯುತ್ತಿರುವುದಿಲ್ಲ, ಕಾಳಿನ ನಡುವೆ ಹಸಿಯೇ ಉಳಿಯುತ್ತದೆ. ಕೆಲಸಕ್ಕೆ ಬಂದದ್ದು ಒಗ್ಗರಣೆ ಹಾಕಿ ಗರಿಗರಿ ಹುರಿದ ಮಧ್ಯಮ ಅವಲಕ್ಕಿ. ಖಾಲಿ ಸ್ಟೀಲ್ ಫ್ಲಾಸ್ಕನ್ನು ಸೆಕ್ಯುರಿಟಿ ದಾಟಿಸಿ, ಸ್ವಲ್ಪ ಬಿಸಿನೀರಿನಲ್ಲಿ ಕುಲುಕಿ ಚೆಲ್ಲಿ, ಆಮೇಲೆ ಒಂದು ಮುಷ್ಟಿ ಅವಲಕ್ಕಿಗೆ ಅದು ಮುಳುಗುವಷ್ಟೇ ನೀರು, ಮುಚ್ಚಳ ಬಿಗಿದು ಐದು ನಿಮಿಷ. ಕಾಗದದ ಲೋಟದಲ್ಲಿ ಮಾಡಿದರೆ ಮೆತ್ತಗಾಗುವ ಮೊದಲೇ ಆರಿಹೋಗುತ್ತದೆ.